ಅಪ್ಪ ತುಂಬಿದ ಅರ್ಜಿ

ತೊಂಬತ್ತರ ದಶಕದ ನಡುವಿನಲ್ಲಿ, ಬರೋಡಾ ಎಂದೇ ಎಲ್ಲರೂ ಕರೆಯುವ ವಡೋದರಾದ ನಗರಪಾಲಿಕೆಯಲ್ಲಿ ಹೆಂಗಸರಿಗೆಂದು ಸೀಟುಗಳು ಮೀಸಲಾದಾಗ, ಫತೇಗಂಜಿನ ನಮ್ಮ ವಾರ್ಡಿಗೆ ನಾನೇ ನಿಲ್ಲಬೇಕೆಂದು ಹಟ ಹಿಡಿದವರು ನನ್ನ ಕಕ್ಷಿದಾರರು. ಮನೆ ಖಾಲಿ ಮಾಡಿಸುವವರ ವಿರುದ್ಧ ಬಾಡಿಗೆದಾರರ, ಚಾಳು ಎನ್ನುವ ಸಾಲುಮನೆಗಳವರ ಕೇಸು ನಡೆಸುವುದಷ್ಟೇ ಆಗ ನನ್ನ ಕೆಲಸ. ಉಡುಪಿ ಕಡೆಯಿಂದ ಬಂದ ಅಪ್ಪ ಹೋಟೆಲಿಟ್ಟು ಯೂನಿವರ್ಸಿಟಿ ಹುಡುಗರಿಗೆ ದೋಸೆ ಹಾಕುತ್ತ ಅಲ್ಲೇ ಮೂವತ್ತು ವರ್ಷ ಕಳೆದಿದ್ದರು. ಯಾವ ಜಗಳ ಬಂದರೂ ಅವರದು ಒಂದೇ ಮಾತು: "ನಮಗೆ ಎಂತಕ್ಕೆ? ನಾವು ಹೊರಗಿನವರು."

ನನ್ನ ಹತ್ತಿರ ಬಂದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು. ಇಲ್ಲವೆಂದರೆ ಚೆನ್ನಾಗಿ ಗದರುತ್ತಿದ್ದೆ. ನಾಮಪತ್ರಕ್ಕೆಂದು ಪಟ್ಟಿ ತರಿಸಿದ ದಿನ ಚಾಳಿನ ಮುದುಕಿಯೊಬ್ಬಳು ಅದರ ಮೇಲೆ ಬೆರಳಾಡಿಸಿ, "ವಕೀಲ್ ಬೆನ್, ಇದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ!" ಎಂದು ಗುಜರಾತಿಯಲ್ಲಿ ಹೇಳಿ ನಕ್ಕಳು. ಪ್ರತಿ ಚುನಾವಣೆಯಲ್ಲೂ ಉಳಿದವರನ್ನು ಮತಗಟ್ಟೆಗೆ ಅಟ್ಟುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು. ನಾನು ಮತ ಹಾಕಿದ್ದೇ ಇಲ್ಲ. ನಾಚಿಕೆಗೇಡು, ಆದರೆ ನಿಜ. ಪಟ್ಟಿಯಲ್ಲಿ ಹೆಸರಿಲ್ಲದವಳು ನಿಲ್ಲುವಂತಿರಲಿಲ್ಲ. ಹೆಸರು ಸೇರಿಸಲು ಮೂರೇ ದಿನ ಉಳಿದಿತ್ತು.

ಅಪ್ಪನನ್ನು ಕೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಊರಲ್ಲಿ ಉಂಟಲ್ಲ ನಿನ್ನ ಹೆಸರು! ನಿಂಗೆ ಓಟಿನ ವಯಸ್ಸಾದ ವರ್ಷವೇ ನಾನು ಹಾಕಿಸಿದ್ದೇನೆ. ನಮ್ಮೆಲ್ಲರದ್ದೂ ಅಲ್ಲೇ ಉಂಟು. ಒಂದು ದಿನ ವಾಪಸ್ ಹೋಗುವವರಲ್ವಾ ನಾವು?"

ಮನೆ, ಹೋಟೆಲು ಎರಡೂ ಅಪ್ಪನ ಹೆಸರಿನಲ್ಲಿದ್ದವು. ನಾವು ಇಲ್ಲಿ ಕಾಯಂ ಆಗಿ ಇರುವವರು ಎಂದು ಅವರು ಬರೆದುಕೊಟ್ಟರೆ ಮಾತ್ರ ನನ್ನ ಅರ್ಜಿ ನಡೆಯುತ್ತಿತ್ತು. ಅದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಬರೆದುಕೊಡುತ್ತೇನೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

"ನಾನು ಹುಟ್ಟಿದ್ದೇ ಇಲ್ಲಿ ಅಪ್ಪ. ವಾಪಸ್ ಅಂತ ನಾನು ಎಲ್ಲಿಗೆ ಹೋಗ್ಲಿ?"

ಅವರು ಎದ್ದು ಅಡುಗೆಮನೆಗೆ ಹೋದರು. ಎರಡು ದಿನ ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಗಿರಾಕಿಗಳು ದೂರಿದರು. ನನಗೆ ಒಳಗೊಳಗೇ ಪಾಪ ಅನ್ನಿಸುತ್ತಿತ್ತು, ಆದರೂ ಬಗ್ಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಹೋಟೆಲು ತುಂಬಿ ತುಳುಕುವ ಹೊತ್ತಿನಲ್ಲಿ, ಅಪ್ಪ ಕೈ ತೊಳೆದು ಪಂಚೆಗೆ ಒರೆಸಿಕೊಂಡು ನನ್ನ ಮೇಜಿನ ಮುಂದೆ ಕೂತರು. ಕೇಳಿದ್ದನ್ನು ಬರೆದು ಸಹಿ ಹಾಕಿದರು. ಆಮೇಲೆ, "ಇನ್ನೆರಡು ಅರ್ಜಿ ಉಂಟಾ?" ಎಂದರು.

"ಯಾರಿಗೆ?"

"ನಂಗೆ, ಅಮ್ಮನಿಗೆ. ನೀನೊಬ್ಬಳು ಇಲ್ಲಿ, ನಾವು ಅಲ್ಲಿ ಅಂತ ಆಗ್ಲಿಕ್ಕೆ ಉಂಟಾ ಮಾರಾಯ್ತಿ?"

ಊರಿನ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಬರೆಯುವಾಗ ಅವರು ಊರಿನ ಹೆಸರನ್ನು ಎರಡು ಸಲ ತಿದ್ದಿ ಬರೆದರು. ನಾನು ಅತ್ತುಬಿಟ್ಟೆ. ಅಳುವ ವಕೀಲೆಗೆ ಯಾರು ಓಟು ಹಾಕ್ತಾರೆ ಎಂದು ಬೈದರು.

ಗೆದ್ದೆ. ಮರುದಿನ ಬೆಳಿಗ್ಗೆ ಅಹವಾಲು ಹಿಡಿದು ಬಂದವರ ಸಾಲಿನಲ್ಲಿ ಅಪ್ಪನೂ ಇದ್ದರು. ಹೋಟೆಲಿನ ಹಿಂದಿನ ಚರಂಡಿ ಮೂವತ್ತು ಮಳೆಗಾಲ ಉಕ್ಕಿದರೂ ತುಟಿ ಪಿಟಕ್ಕೆನ್ನದವರು ತಮ್ಮ ಸರದಿ ಬರುವವರೆಗೆ ಕಾದು, ಎಲ್ಲರೆದುರು ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಇದೆಂತ ವ್ಯವಸ್ಥೆ ನಮ್ಮ ಬರೋಡದ್ದು?"