ಸಪ್ಪಳವಾಗದಂತೆ ಇಳಿಯುವುದು

ಶನಿವಾರ ಬೆಳಗಿನ ಆರು ಗಂಟೆ ಹತ್ತು ನಿಮಿಷ. ಸ್ವೀಡನ್‌ನ ಸುಂಡ್‌ಬೀಬರ್ಯ್ ಎಂಬ ಊರಿನ ಕ್ರೀಡಾ ಹಾಲ್ ಒಂದರ ಹಿಂಬಾಗಿಲಲ್ಲಿ ಬಿಲ್ಕೀಸ್ ಕೈಗವಸನ್ನು ಹಲ್ಲಲ್ಲಿ ಕಚ್ಚಿ ತೆಗೆದು, ಹದಿನಾಲ್ಕು ಕೀಲಿಗಳ ಗೊಂಚಲಿನಲ್ಲಿ ಬೇಕಾದದ್ದನ್ನು ನೋಡದೆಯೇ ಹುಡುಕುತ್ತಾರೆ. ಹೊರಗೆ ಮೈನಸ್ ನಾಲ್ಕು. ಒಳಗೆ ಬಂದವರು ದೀಪ ಹಾಕಿ, ಕೀಲಿಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬೂಟು ಕಳಚಿ, ಬರೀ ಕಾಲುಚೀಲದಲ್ಲಿ ಮರದ ನೆಲದ ನಡುವೆ ಹೋಗಿ ನಿಲ್ಲುತ್ತಾರೆ. ಆಮೇಲೆ ನಲವತ್ತಾರು ವರ್ಷದ ಈ ಹೆಂಗಸು ಯಾರೂ ಇಲ್ಲದ ಹಾಲ್‌ನಲ್ಲಿ ಒಂದೇ ಒಂದು ಸಲ ಮೇಲಕ್ಕೆ ಹಾರಿ ಇಳಿಯುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ.

"ನೆಲ ಇವತ್ತ ಬಿಗದೈತ್ರಿ," ಎನ್ನುತ್ತಾರೆ. "ಥಂಡಿಗೆ, ಹೀಟರಿಗೆ ಹಲಗಿ ಒಣಗಿ ಬಿಗೀತಾವು. ಇಂಥಾ ನೆಲದ ಮ್ಯಾಲ ಹುಡುಗ್ರು ಧಡಲ್ ಅಂತ ಇಳಿದ್ರ ಮೊಣಕಾಲು ಉಳಿಯಂಗಿಲ್ಲ. ಇವತ್ತ ಹಾರೂದು ಕಡಿಮಿ ಮಾಡಸ್ಬೇಕು."

ಅದನ್ನು ಹೇಳುವ ಅಧಿಕಾರ ಕಾಗದದ ಮೇಲೆ ಅವರಿಗಿಲ್ಲ. ಕಾಗದದ ಮೇಲೆ ಅವರು ಕೊಮ್ಯೂನ್‌ನ, ಅಂದರೆ ನಮ್ಮ ನಗರಸಭೆಯಂಥದ್ದರ, ನೌಕರರು. ಹಾಲ್ ತೆರೆಯುವುದು, ನೆಲ ಒರೆಸುವುದು, ಕೆಟ್ಟ ಬಲ್ಬ್ ಬದಲಿಸುವುದು, ಮಕ್ಕಳು ಮರೆತುಹೋದ ಟೋಪಿಗಳನ್ನು ಡಬ್ಬದಲ್ಲಿ ಹಾಕಿಡುವುದು ಅವರ ಕೆಲಸ. ಆದರೆ ಏಳು ಗಂಟೆಗೆ ಇಲ್ಲಿಗೆ ಬರುವ ಹದಿಮೂರು ಮಕ್ಕಳ ಕಾಲು ನೋಡಿದರೆ ಬೇರೆಯೇ ಕಥೆ ತಿಳಿಯುತ್ತದೆ.

ಮಕ್ಕಳು ಕಲಿಯುವುದು ಐರಿಷ್ ನೃತ್ಯ. ಕೈಗಳೆರಡನ್ನೂ ಪಕ್ಕಕ್ಕೆ ಇಳಿಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಆಟವನ್ನೆಲ್ಲ ಕಾಲಿಗೇ ಬಿಟ್ಟುಕೊಡುವ ಕುಣಿತ ಅದು. ಪಾದಗಳು ಹೊರಕ್ಕೆ ತಿರುಗಿ, ಒಂದರ ಮುಂದೊಂದು ಕತ್ತರಿಯಂತೆ ಹೆಣೆದುಕೊಂಡಿರಬೇಕು. ಈ ತಿರುವಿಗೆ ಟರ್ನ್‌ಔಟ್ ಎನ್ನುತ್ತಾರೆ. ಎತ್ತರಕ್ಕೆ ಹಾರಬೇಕು, ಹಾರಿದ್ದು ಗೊತ್ತಾಗದಂತೆ ಇಳಿಯಬೇಕು. ಕಲಿಸುವವರು ಗುನಿಲ್ಲಾ, ಅರವತ್ತಮೂರು ವರ್ಷ, ಸೊಂಟದ ಆಪರೇಷನ್ ಆದ ಮೇಲೆ ಕುರ್ಚಿಯ ಮೇಲೆ ಕೂತೇ ಪಾಠ. ಹೆಜ್ಜೆ, ಲಯ, ಸಂಗೀತ ಎಲ್ಲ ಅವರದ್ದು. ಹಾರುವುದು ಮತ್ತು ತಿರುವು ಮಾತ್ರ ನಾಲ್ಕು ವರ್ಷದಿಂದ ಮಾಪ್ ಹಿಡಿದ ಬಿಲ್ಕೀಸ್ ಅವರದ್ದು.

ಬಿಲ್ಕೀಸ್ ರಾಣೆಬೆನ್ನೂರಿನವರು. ಎತ್ತರ ಜಿಗಿತದಲ್ಲಿ ಯೂನಿವರ್ಸಿಟಿ ಮಟ್ಟದವರೆಗೆ ಹೋಗಿ ಬಂದವರು. ಇಳಿಯಲು ಅವರ ಶಾಲೆಯಲ್ಲಿ ಮೆತ್ತೆ ಇರಲಿಲ್ಲ. ಪಕ್ಕದ ಸಾಮಿಲ್‌ನಿಂದ ತಂದ ಕಟ್ಟಿಗೆ ಹೊಟ್ಟಿನ ಚೀಲಗಳಿದ್ದವು. ಚೀಲ ತಪ್ಪಿ ನೆಲಕ್ಕೆ ಬಿದ್ದವರಿಗೆ ದೇವರೇ ಗತಿ. "ಎಲ್ಲಾರೂ ಏರೂದು ಕಲಸ್ತಾರ್ರಿ. ನಾ ಇಳಿಯೂದು ಕಲ್ತೆ, ಹೆದರಿಕಿಗೆ!" ಎಂದು ನಗುತ್ತಾರೆ. ಒಂದು ದಿನ ಚೀಲ ತಪ್ಪಿಯೇಬಿಟ್ಟಿತು, ಎಡ ಪಾದದ ಕೀಲು ಮುರಿಯಿತು. ಜಿಗಿತ ಅಲ್ಲಿಗೆ ಮುಗಿಯಿತು. ಆಮೇಲೆ ಹದಿನೆಂಟು ವರ್ಷ ಹಾವೇರಿ ಕಡೆಯ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್. ಊರ ತುಂಬ "ನಮಸ್ಕಾರ್ರಿ ಟೀಚರ್" ಎನ್ನುವವರು.

ಗಂಡ ಆರಿಫ್‌ಗೆ ಸ್ವೀಡನ್‌ನಲ್ಲಿ ನೆಟ್‌ವರ್ಕ್ ಎಂಜಿನಿಯರ್ ಕೆಲಸ ಸಿಕ್ಕು ಇಲ್ಲಿಗೆ ಬಂದಾಗ ಆ ನಮಸ್ಕಾರಗಳೆಲ್ಲ ಅಲ್ಲಿಯೇ ಉಳಿದವು. ಇಲ್ಲಿ ಶಾಲೆಯಲ್ಲಿ ಕಲಿಸಲು ಬೇಕಾದ ಭಾಷೆಯ ಮಟ್ಟ ಮುಟ್ಟುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. ಹಾಲ್ ನೋಡಿಕೊಳ್ಳುವ ಕೆಲಸ ಎದುರಿಗಿತ್ತು, ಸೇರಿಕೊಂಡರು. ಎರಡು ವರ್ಷದ ಹಿಂದೆ ಆರಿಫ್‌ರ ಕೆಲಸ ಓರೆಬ್ರೂ ಎಂಬ ದೂರದ ಊರಿಗೆ ಹೋಯಿತು. ಅವರು ಶುಕ್ರವಾರ ಸಂಜೆ ಬರುತ್ತಾರೆ. ಇವರು ಶನಿವಾರ, ಭಾನುವಾರ ಹಾಲ್‌ಗೆ ಹೋಗುತ್ತಾರೆ. ಗಂಡ ಹೆಂಡತಿ ರೈಲ್ವೆ ಕ್ರಾಸಿಂಗ್‌ನಲ್ಲಿ ಸಿಕ್ಕವರ ಹಾಗೆ ಆಗಿದೆ.

"ಸೋಮವಾರದಿಂದ ಶುಕ್ರವಾರದ ಮಟಾ ಬಾಯಿ ಬಿಟ್ಟು ಕನ್ನಡ ಮಾತಾಡಿದ್ದು ಲೆಕ್ಕ ಹಾಕಿದ್ರ, ಒಂದ ಕೈಬೆರಳು ಸಾಕ್ರಿ," ಎನ್ನುತ್ತಾರೆ ಬಿಲ್ಕೀಸ್. "ಬೇಜಾರ ಅಂತ ಅಲ್ಲ." ಆಮೇಲೆ ಅವರೇ ತಿದ್ದಿಕೊಳ್ಳುತ್ತಾರೆ. "ಬೇಜಾರನ ಮತ್ತ. ಸುಳ್ಳ ಯಾಕ ಹೇಳ್ಲಿ."

ನೃತ್ಯದ ಮಕ್ಕಳಿಗೂ ಇವರಿಗೂ ನಂಟು ಬೆಳೆದದ್ದು ಒಂದು ಶಬ್ದದಿಂದ. ಸ್ವೀಡಿಷ್‌ನಲ್ಲಿ ಹಿಮ್ಮಡಿಗೆ ಇರುವ ಪದ ಕನ್ನಡದ ಕಿವಿಗೆ ನೇರವಾಗಿ 'ಹೇಲ್' ಎಂದೇ ಬೀಳುತ್ತದೆ. ತಿರುವು ಚೆನ್ನಾಗಿ ಕಾಣಬೇಕಾದರೆ ಹಿಮ್ಮಡಿ ಮುಂದೆ ಬರಬೇಕು, ಹಾಗಾಗಿ ಗುನಿಲ್ಲಾ ಕುರ್ಚಿಯಲ್ಲಿ ಕೂತು ಮೂರು ಗಂಟೆ ಕಾಲ "ಹೇಲೆನ್! ಹೇಲೆನ್!" ಎಂದು ಕೂಗುತ್ತಲೇ ಇರುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಿಲ್ಕೀಸ್ ಬಕೆಟ್ ಹಿಡಿದುಕೊಂಡು ಓಡಿಬಂದಿದ್ದರಂತೆ, ಯಾವ ಮಗು ಏನು ಮಾಡಿಕೊಂಡಿತೋ ಎಂದು.

ಬಕೆಟ್ ಕಂಡು ಬೆಂಚಿನ ಮೇಲಿದ್ದ ಒಬ್ಬ ತಾಯಿಗೆ ಮಾತ್ರ ವಿಷಯ ಅರ್ಥವಾಗಿ, ಆಕೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅವರು ದೀಪ್ತಿ, ಬೆಂಗಳೂರಿನವರು, ಹತ್ತಿರದ ಶಿಸ್ತಾದಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳು ಕೃತಿ ಆಗ ಎಂಟು ವರ್ಷದವಳು. "ನಾನೂ ಫಸ್ಟ್ ಡೇ ಶಾಕ್ ಆಗಿದ್ದೆ. ಮನೇಲಿ ಅತ್ತೆ ವಿಡಿಯೋ ಕಾಲ್‌ನಲ್ಲಿದ್ದಾಗ ಇವಳು ಪ್ರಾಕ್ಟೀಸ್ ಮಾಡ್ತಾ ಹೇಲೆನ್ ಹೇಲೆನ್ ಅಂತಾಳೆ!" ಎನ್ನುತ್ತಾರೆ ದೀಪ್ತಿ. ಆವತ್ತು ಅವರಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಿಲ್ಕೀಸ್ ಹಾಗೆ ನಕ್ಕು ಎಷ್ಟೋ ತಿಂಗಳಾಗಿತ್ತು.

ಆ ವಾರವೇ ಅವರು ಕೃತಿಯ ಕಾಲಿನ ಸಪ್ಪಳವನ್ನು ಗಮನಿಸಿದ್ದು. ಸರಿಯಾಗಿ ಇಳಿದ ಕಾಲು ಒಂದೇ ಸಲ ಮೆತ್ತಗೆ ಮುಟ್ಟುತ್ತದೆ. ಕೃತಿಯದ್ದು ಎರಡು ಸಪ್ಪಳ: ಮೊದಲು ಬೆರಳು, ಹಿಂದೆಯೇ ಧಡ್ ಎಂದು ಹಿಮ್ಮಡಿ. ತಿರುವನ್ನು ಸೊಂಟದ ಕೀಲಿನಿಂದ ತರುವ ಬದಲು ಬರೀ ಪಾದ ತಿರುಚಿ ತೋರಿಸುತ್ತಿದ್ದಳು. ಮೊಣಕಾಲು ಆಗಲೇ ನೋಯುತ್ತಿತ್ತು. ಬಿಲ್ಕೀಸ್ ಮಾಪ್ ಗೋಡೆಗೆ ಒರಗಿಸಿ ಹತ್ತಿರ ಹೋದರು. ಸ್ವೀಡಿಷ್‌ನಲ್ಲಿ ಹೇಳಬೇಕು, ಆದರೆ ಆ ಪದ ನಾಲಿಗೆಗೆ ಬರಲೊಲ್ಲದು. ಮಕ್ಕಳ ಮುಂದೆ ಹೇಲು ಎನ್ನುವುದು ಡ್ರಿಲ್ ಟೀಚರ್‌ಗೆ ಹೇಗೆ ಸಾಧ್ಯ? ಬಾಯಿಂದ ಬಂದದ್ದು ಅರ್ಧ ಊರಿನದು, ಅರ್ಧ ಇಲ್ಲಿನದು: "ಹಿಮ್ಮಡ ಫ್ರಾಮ್!" ಹಿಮ್ಮಡಿ ಮುಂದೆ.

ಮಕ್ಕಳಿಗೆ ಅದು ಹಿಡಿಸಿತು. ಈಗ ಹದಿಮೂರು ಮಕ್ಕಳೂ ಹಿಮ್ಮಡ ಎಂದೇ ಅನ್ನುತ್ತಾರೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ಕೃತಿಯೂ ಅದೊಂದನ್ನು ರಾಣೆಬೆನ್ನೂರಿನ ಧಾಟಿಯಲ್ಲಿಯೇ ಹೇಳುತ್ತಾಳೆ. ಬಿಲ್ಕೀಸ್ ನೆಲದ ಮೇಲೆ ಅಂಟಿಸಿದ ಹಳದಿ ಟೇಪಿನ ಗೆರೆಗೆ ಹಿಮ್ಮಡ ಗೆರೆ ಎಂದೇ ಹೆಸರು. ಬೆಂಗಳೂರಿನವರ ಮುಂದೆ ತಮ್ಮ 'ಐತಿ'ಯನ್ನು ಮಡಚಿಟ್ಟು 'ಇದೆ' ಎನ್ನುವ ಬಿಲ್ಕೀಸ್, ಆ ಗೆರೆಯ ಪಕ್ಕ ನಿಂತಾಗ ಮಾತ್ರ ಯಾವುದನ್ನೂ ಮಡಚುವುದಿಲ್ಲ.

ಕ್ರಮ ಸರಳ. ಮಕ್ಕಳು ಮಗ್ಗುಲಾಗಿ ಮಲಗಿ, ಹಿಮ್ಮಡಿ ಜೋಡಿಸಿ, ಮೇಲಿನ ಮೊಣಕಾಲನ್ನು ಪುಸ್ತಕ ತೆರೆದ ಹಾಗೆ ತೆರೆಯಬೇಕು. ಒಂದೊಂದು ಮಗ್ಗುಲಿಗೆ ಮೂವತ್ತು ಸಲ. ತಿರುವಿನ ಬಲ ಸೊಂಟದಲ್ಲಿ ಹುಟ್ಟುವುದು ಹೀಗೆ. ಆಮೇಲೆ ತಗ್ಗು ಬೆಂಚಿನಿಂದ ಕೆಳಕ್ಕೆ ಜಿಗಿತ. ಹೊಸಬರಿಗೆ ಎರಡು ತಿಂಗಳು ಬರೀ ಇಳಿಯುವುದೇ, ಏರುವುದು ಇಲ್ಲ. ಬಿಲ್ಕೀಸ್ ಮಕ್ಕಳಿಗೆ ಬೆನ್ನು ಹಾಕಿ ಕಿಟಕಿ ಒರೆಸುತ್ತ ಕೇಳಿಸಿಕೊಳ್ಳುತ್ತಾರೆ. ಒಂದು ಬೆಳಗಿಗೆ ನಾನೂರಕ್ಕೂ ಹೆಚ್ಚು ಇಳಿತ. ತಿರುಗಿ ನೋಡದೆಯೇ "ಕೃತಿ, ಎಡಗಾಲು," ಎನ್ನುತ್ತಾರೆ. ತಪ್ಪಿದ್ದು ಎಡಗಾಲೇ ಆಗಿರುತ್ತದೆ. ಕೃತಿಗೆ ಈಗ ಮೊಣಕಾಲು ನೋವಿಲ್ಲ; ಕಳೆದ ವರ್ಷದ ಸ್ಪರ್ಧೆಯಲ್ಲಿ ಅವಳ ಜಿಗಿತಕ್ಕೆ ತೀರ್ಪುಗಾರರು ವಿಶೇಷವಾಗಿ ಎರಡು ಸಾಲು ಬರೆದಿದ್ದರು. ಆ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಕಾಫಿ ಮಾಡಿದವರ ಹೆಸರಿತ್ತು. ಬಿಲ್ಕೀಸ್ ಹೆಸರು ಇರಲಿಲ್ಲ.

ಈಗ ರಂಜಾನ್. ಶನಿವಾರದ ಜೊತೆಗೆ ಬುಧವಾರ ಸಂಜೆಯೂ ತರಗತಿ ಇದೆ, ಅದರ ನಡುವೆಯೇ ರೋಜಾ ಬಿಡುವ ಹೊತ್ತು ಬರುತ್ತದೆ. ಆಗ ಬಿಲ್ಕೀಸ್ ಬಕೆಟ್, ಮಾಪ್‌ಗಳ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಮಗುಚಿದ ಬಕೆಟ್ ಮೇಲೆ ಕೂತು ಮೂರು ಖರ್ಜೂರ ತಿಂದು ನೀರು ಕುಡಿದು ಬರುತ್ತಾರೆ. ಯಾರಿಗೂ ಹೇಳಿಲ್ಲ. "ಹೇಳಿದ್ರ ಪಾಪ, ನನ್ನ ಸಲುವಾಗಿ ಕ್ಲಾಸಿನ ಟೈಮ್ ಬದಲಿ ಮಾಡ್ತಾರ. ಯಾಕ ತ್ರಾಸು?"

ಆದರೆ ಈಗ ಅದಕ್ಕಿಂತ ದೊಡ್ಡ ಚಿಂತೆಯೊಂದು ಬಂದು ಕೂತಿದೆ. ಆಗಸ್ಟ್‌ನಿಂದ ನೃತ್ಯದ ತರಗತಿ ಸೊಲ್ಲೆಂಟುನಾ ಎಂಬ ಇನ್ನೊಂದು ಊರಿಗೆ ಹೋಗುತ್ತದೆ. ಅಲ್ಲಿ ಹೊಸ ಹಾಲ್, ಗೋಡೆತುಂಬ ಕನ್ನಡಿ. ಬಿಲ್ಕೀಸ್ ಕೆಲಸ ಇಲ್ಲಿಯೇ ಇರುತ್ತದೆ. ಮಕ್ಕಳು ಹೋದರೆ ವಾರದಲ್ಲಿ ಎರಡು ದಿನದ ಆ ಮಾತು, ಆ ಹಿಮ್ಮಡ ಎಲ್ಲ ಹೋದಂತೆ. ರೈಲು ಬದಲಿಸಿ ಹೋದರೆ ನಲವತ್ತು ನಿಮಿಷದ ದಾರಿ. ಬುಧವಾರ ಸಂಜೆ ಪಾಳಿ ಬದಲಿಸಿಕೊಂಡು ಹೋಗಿಬರುವುದು ಅವರಿಗೆ ಕಷ್ಟವಲ್ಲ. ಬೇಕಾದದ್ದು ಒಂದು ಮಾತು, ಬನ್ನಿ ಎಂಬ ಮಾತು.

ಗುನಿಲ್ಲಾರನ್ನು ಕೇಳಿದರೆ ಅವರು ತುಂಬ ಯೋಚಿಸಿ ಉತ್ತರಿಸುತ್ತಾರೆ. "ಅವರಿಲ್ಲದೆ ಹೇಗೆ ಎಂದು ನನಗೇ ಭಯ. ಆದರೆ ಅವರ ಬಿಡುವಿನ ಸಂಜೆಯನ್ನು ನಾನು ಕೇಳುವುದು ಸರಿಯಲ್ಲ. ಇಷ್ಟು ವರ್ಷ ಪುಕ್ಕಟೆ ಮಾಡಿದ್ದಾರೆ. ಕೇಳಿದರೆ ಇಲ್ಲ ಎನ್ನಲು ಅವರಿಗೆ ಮುಜುಗರವಾಗುತ್ತದೆ. ಬರುವ ಮನಸ್ಸಿದ್ದರೆ ಅವರೇ ಹೇಳುತ್ತಾರೆ."

ಬಿಲ್ಕೀಸ್ ಹೇಳುವುದಿಲ್ಲ. "ಕರೀದ ಹೆಂಗ ಹೋಗೂದ್ರಿ? ಮದಿವಿಗಾದ್ರೂ ಮನಿಗೆ ಬಂದು ಹೇಳಿದ್ರನ ಹೋಗ್ತೀವಿ." ಒಬ್ಬರು ಕೇಳುವುದನ್ನು ಹೇರಿಕೆ ಎಂದುಕೊಂಡಿದ್ದಾರೆ, ಇನ್ನೊಬ್ಬರು ಕೇಳದೆ ಹೋಗುವುದನ್ನು ಅವಮಾನ ಎಂದುಕೊಂಡಿದ್ದಾರೆ. ಇಬ್ಬರದ್ದೂ ಮರ್ಯಾದೆಯೇ. ನಡುವೆ ಸಿಕ್ಕ ದೀಪ್ತಿ ತಡೆಯಲಾಗದೆ ಒಮ್ಮೆ ಕೇಳಿದರು: "ನಾನೇ ಗುನಿಲ್ಲಾಗೆ ಹಿಂಟ್ ಕೊಡ್ಲಾ, ಬಿಲ್ಕೀಸ್ ಅಕ್ಕ?"

"ಬೇಡ ದೀಪ್ತಿ," ಎಂದರು ಬಿಲ್ಕೀಸ್, ಬೆಂಗಳೂರಿನ ಕನ್ನಡದಲ್ಲಿ. "ಹೇಳಿಸಿ ಕರೆಸಿಕೊಂಡ್ರೆ ಅದು ಕರೆದ ಹಾಗಾ?"

ಹತ್ತು ಗಂಟೆಗೆ ತರಗತಿ ಮುಗಿಯುತ್ತದೆ. ಮಕ್ಕಳು ಜಾಕೆಟ್ ಏರಿಸಿಕೊಂಡು ಗದ್ದಲ ಮಾಡುತ್ತ ಹೊರಡುತ್ತಾರೆ. ಗುನಿಲ್ಲಾ ಊರುಗೋಲು ಊರಿಕೊಂಡು ಹಿಂದಿರುಗಿ ಬರುತ್ತಾರೆ. ಹೊಸ ಹಾಲ್‌ನಲ್ಲೂ ಹಿಮ್ಮಡ ಗೆರೆ ಬೇಕು, ಆ ಟೇಪ್ ಎಲ್ಲಿ ಸಿಗುತ್ತದೆ, ಉದ್ದ ಎಷ್ಟು ಎಂದು ಕೇಳುತ್ತಾರೆ. ಬಿಲ್ಕೀಸ್ ನೆಲಕ್ಕೆ ಕೂತು ಅಳೆದು, ಒಂದು ಚೀಟಿಯಲ್ಲಿ ನಾಲ್ಕು ಮೀಟರ್ ಇಪ್ಪತ್ತು ಎಂದು ಬರೆದು, ಉಳಿದ ಟೇಪಿನ ಸುರುಳಿಯನ್ನೂ ಕೈಗಿಡುತ್ತಾರೆ. ಗುನಿಲ್ಲಾ ಏನೋ ಹೇಳಲು ಬಾಯಿ ತೆರೆದು, "ತಾಕ್," ಎಂದು ಕೃತಜ್ಞತೆ ಹೇಳಿ ಹೊರಟುಬಿಡುತ್ತಾರೆ.

ಬಿಲ್ಕೀಸ್ ಮತ್ತೆ ಮಾಪ್ ಹಿಡಿಯುತ್ತಾರೆ. ಹನ್ನೊಂದಕ್ಕೆ ಬ್ಯಾಡ್ಮಿಂಟನ್‌ನವರು ಬರುತ್ತಾರೆ. ಅವರಿಗೆ ಇಳಿಯುವುದನ್ನು ಯಾರೂ ಕಲಿಸಬೇಕಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅರ್ಧ ಹಾಲ್ ಒರೆಸಿ ಮುಗಿಸಿ, ಮಾಪ್ ಹಿಂಡುತ್ತ ಹೇಳುತ್ತಾರೆ.

"ಒಂದ ಸಲ ಅಲ್ಲಿ ಅವರ ಪ್ರೋಗ್ರಾಂಗೆ ಟಿಕೆಟ್ ತಗೊಂಡು ಹೋಗಬೇಕು. ಟಿಕೆಟ್ ತಗೊಂಡ್ರ ಯಾರೂ ಕರೀಬೇಕಂತಿಲ್ಲಲ್ರಿ?" ಎಂದು ನಗಲು ನೋಡುತ್ತಾರೆ. "ಹಿಂದಿನ ಸಾಲಿನ್ಯಾಗ ಕಣ್ಣ ಮುಚ್ಚಿ ಕುಂದರ್ತೀನಿ. ಹದಿಮೂರೂ ಹುಡುಗ್ರು ಒಮ್ಮೆಲೆ ಹಾರಿ ಇಳೀಬೇಕು. ನನ್ನ ಹೆಸರು ಯಾರೂ ಹೇಳೂದು ಬ್ಯಾಡ. ಸಪ್ಪಳ ಕೇಳಿಸಲಿಲ್ಲ ಅಂದ್ರ, ಅಲ್ಲೆ ನಾ ಅದೀನಿ ಅಂತ ತಿಳ್ಕೊಳ್ರಿ."