ಕೊನೆಯ ಹತ್ತು ನಿಮಿಷ

ನಮ್ಮಪ್ಪ ಇಪ್ಪತ್ತು ವರ್ಷ ಮಡಗಾಂವದ ಸ್ಟೇಡಿಯಂಗೆ ಫುಟ್‌ಬಾಲ್ ನೋಡಲು ಹೋಗಿದ್ದ, ಆದರೆ ಒಂದೇ ಒಂದು ಆಟವನ್ನೂ ಕೊನೆಯವರೆಗೆ ನೋಡಿರಲಿಲ್ಲ. ನಾವಿರುವ ಸಾವರ್ಡೆಗೆ ಹೋಗುವ ಕೊನೆಯ ಬಸ್ಸು ಆಟ ಮುಗಿಯುವ ತನಕ ಕಾಯುವುದಿಲ್ಲ. ಹೀಗಾಗಿ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಗ್ಯಾಲರಿಯಲ್ಲಿ ನಮ್ಮಂತೆ ಊರು ಬಿಟ್ಟು ದುಡಿಯಲು ಬಂದ ನಮ್ಮ ಕಡೆಯ ಮಂದಿ, ಅಂದರೆ ಗೂಡ್ಸ್ ಶೆಡ್ಡಿನ ಹಮಾಲರು, ಗಾರೆ ಕೆಲಸದ ಗೌಂಡಿಗಳು, ಲಾರಿ ಕ್ಲೀನರುಗಳು, ಯಾರೂ ಹೇಳದೆ ಒಟ್ಟಿಗೆ ಎದ್ದುಬಿಡುತ್ತಾರೆ. ಹಿಂದೆ ಕೂತವರು ಕೊಂಕಣಿಯಲ್ಲಿ ಬೈಯುತ್ತಾರೆ, ಇವರು ಬಗ್ಗಿಕೊಂಡು ಓಡುತ್ತಾರೆ. ಬಸ್ಸು ಹತ್ತುವಾಗ ಸ್ಟೇಡಿಯಂ ಕಡೆಯಿಂದ ಒಂದು ಕೂಗು ಕೇಳಿಸಿದರೆ, ಅದು ಯಾರ ಗೋಲು ಎಂದು ಸಾವರ್ಡೆ ಮುಟ್ಟುವವರೆಗೂ ವಾದ ನಡೆಯುತ್ತದೆ.

ನನಗೆ ಆಟ ತಿಳಿಯುವುದಿಲ್ಲ. ನಾನು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವ್ವ ತೀರಿಕೊಂಡ ಮೇಲೆ ಅಪ್ಪನ ಜೊತೆ ಹೋಗತೊಡಗಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ತಲೆ ತಿರುಗಿ ಕೂತುಬಿಡುತ್ತಾನೆ. ಅವನು ಚೆಂಡು ನೋಡುತ್ತಿದ್ದ, ನಾನು ಗಡಿಯಾರ ನೋಡುತ್ತಿದ್ದೆ. ನನ್ನ ಸ್ವಭಾವವೇ ಹಾಗೆ. ಪಕ್ಕದ ಮನೆಯ ಒಲೆಯ ಮೇಲೆ ಹಾಲಿಟ್ಟರೆ ಅದು ಉಕ್ಕೀತೆಂದು ನನಗೆ ಇಲ್ಲಿ ನಿದ್ದೆ ಬರುವುದಿಲ್ಲ.

ಕಳೆದ ವರ್ಷ ಆ ಸಕ್ಕರೆ ಕಣ್ಣಿಗೆ ಇಳಿಯಿತು. ನಾವು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಬಲಗಣ್ಣು ಹೋಗಿತ್ತು. ಎಡಗಣ್ಣಿಗೆ ಆಪರೇಶನ್ ಎಂದಾಯಿತು. ಡಾಕ್ಟರು ಸುಳ್ಳು ಹೇಳಲಿಲ್ಲ, ಉಳಿದಷ್ಟನ್ನು ಉಳಿಸಲು ನೋಡುತ್ತೇವೆ, ಖಾತ್ರಿ ಕೊಡಲಾರೆ ಎಂದರು. ಮನೆಗೆ ಬಂದು ಚಹಾ ಕುಡಿದು, ಕಪ್ಪು ಕೆಳಗಿಟ್ಟು ಅಪ್ಪ ಹೇಳಿದ:

"ಆಪರೇಶನ್ ಆಗೂಕಿಂತ ಮೊದಲ ಒಂದ್ ಮ್ಯಾಚ್ ಪೂರ್ತಿ ನೋಡಬೇಕವಾ. ಕಡೀ ಸೀಟಿ ಊದೂತನಕ."

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಆಪರೇಶನ್ನಿನ ಹಿಂದಿನ ಶನಿವಾರ ಒಂದು ಸೆಮಿಫೈನಲ್ ಇತ್ತು. ಬಸ್ಸು ಹೇಗೂ ಸಿಗುವುದಿಲ್ಲವೆಂದು ನಮ್ಮ ಓಣಿಯ ಟೆಂಪೋದವನನ್ನು ಹಿಡಿದೆ. ಅವನು ಮಡಗಾಂವ ಮಾರ್ಕೆಟ್ಟಿಗೆ ತರಕಾರಿ ಇಳಿಸಿ ಖಾಲಿ ಗಾಡಿ ಹೊಡೆದುಕೊಂಡು ಬರುತ್ತಾನೆ. ಆಟ ಇಷ್ಟು ಹೊತ್ತು, ನಡುವಿನ ಬಿಡುವು ಇಷ್ಟು ಎಂದು ನಾನೇ ಲೆಕ್ಕ ಹಾಕಿ, ಒಂಬತ್ತೂವರೆಗೆ ಗೇಟಿನ ಹೊರಗೆ ಇರು ಎಂದು ಅವನಿಗೆ ಹೇಳಿದೆ.

"ಇರ್ತೇನಿ. ಆದ್ರ ಅದಕ್ಕಿಂತ ಹೆಚ್ಚ ನಿಲ್ಲಾಕ ಆಗಂಗಿಲ್ಲ ನೋಡ್ ತಂಗಿ. ನಸುಕಿನ್ಯಾಗ ಮತ್ತ ಬೆಳಗಾವಿಗೆ ಲೋಡ್ ತರಾಕ ಹೋಗಬೇಕು," ಎಂದ.

ಗೇಟಿನಲ್ಲೇ ನನ್ನ ಜೀವ ಅರ್ಧವಾಯಿತು. ನೀರಿನ ಬಾಟಲಿ ಕಸಿದುಕೊಂಡರು. ಮೈದಾನಕ್ಕೆ ಎಸೆಯುತ್ತಾರೆಂದು ಚಿಲ್ಲರೆ ನಾಣ್ಯಗಳನ್ನೂ ಒಂದು ಪೆಟ್ಟಿಗೆಗೆ ಹಾಕಿಸಿದರು. ಚಪಾತಿ ಕಟ್ಟಿಕೊಂಡಿದ್ದ ಸ್ಟೀಲ್ ಡಬ್ಬಿ ನೋಡಿ ತಪಾಸಣೆಯ ಹೆಂಗಸು ತಲೆ ಅಲ್ಲಾಡಿಸಿದಳು. ಇವನಿಗೆ ಶುಗರ್, ಇದು ತಿಂಡಿಯಲ್ಲ ಔಷಧಿ ಅಂತ ತಿಳಿ ಎಂದು ನನ್ನ ಹರಕುಮುರುಕು ಕೊಂಕಣಿಯಲ್ಲಿ ಬೇಡಿಕೊಂಡೆ, ಮಾತ್ರೆ ತೋರಿಸಿದೆ. ಕೊನೆಗೆ ಡಬ್ಬಿ ಇಟ್ಟುಕೊಂಡು ಚಪಾತಿ ಬಿಟ್ಟಳು. ಅವನ್ನು ಓಢಣಿಯಲ್ಲಿ ಸುತ್ತಿಕೊಂಡು ಒಳಗೆ ಹೋದೆ.

ನಾವು ಗೋಲಿನ ಹಿಂದಿನ ಮೂಲೆಯಲ್ಲಿ ಕೂತೆವು. ಈ ಕಡೆಯ ಅರ್ಧ ಮೈದಾನ ಅಪ್ಪನಿಗೆ ತಕ್ಕಮಟ್ಟಿಗೆ ಕಾಣುತ್ತಿತ್ತು, ಆಚೆಯ ಅರ್ಧ ಮಬ್ಬು. ಚೆಂಡು ಆ ಕಡೆ ಹೋದಾಗ ಮಂದಿಯ ಕೂಗಿಗೆ ಕಿವಿ ಕೊಡುತ್ತಿದ್ದ. ಹತ್ತು ನಿಮಿಷ ಉಳಿದಾಗ ಬಸ್ಸಿನ ಮಂದಿ ಎದ್ದರು. ಒಬ್ಬ ಹಮಾಲ, "ಏಳ್ ಕಾಕಾ, ಬಸ್ ಹೋಗತೈತಿ," ಎಂದು ಅಪ್ಪನ ಭುಜ ಹಿಡಿದ.

"ನೀವ್ ನಡೀರಿ. ಇವತ್ತ ನನಗ ಸ್ವಂತ ಗಾಡಿ ಐತಿ," ಎಂದ ಅಪ್ಪ. ಅಂಥ ಗತ್ತು ನಾನು ಅವನಲ್ಲಿ ಕಂಡಿರಲಿಲ್ಲ.

ಸೀಟಿ ಊದಿದರು. ಎರಡೂ ಕಡೆ ಒಂದೊಂದು ಗೋಲು. ಅಪ್ಪನ ಆಸೆ ತೀರಿತು, ದೇವರು ದೊಡ್ಡವನು ಎಂದುಕೊಂಡು ನಾನು ಚೀಲ ಎತ್ತಿದೆ. ಅಪ್ಪ ಅಲ್ಲಾಡಲಿಲ್ಲ.

"ಕುಂದರು. ಸೆಮಿಫೈನಲ್ ಇದು. ಸಮ ಆದ್ರ ಇನ್ನ ಅರ್ಧ ತಾಸು ಆಡ್ತಾರ."

"ಇದು ನಿನಗ ಮೊದಲ ಗೊತ್ತಿತ್ತೇನಪ್ಪಾ?"

"ಗೊತ್ತಿತ್ತು. ಹೇಳಿದ್ರ ನೀ ಕರಕೊಂಡ ಬರ್ತಿದ್ದಿಲ್ಲ."

ನನಗೆ ಅಳುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಟೆಂಪೋದವನ ಫೋನು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಅವನ ಬಾಯಿ ಮುಚ್ಚಿಸಿದೆ. ಆ ಅರ್ಧ ತಾಸಿನಲ್ಲಿ ಅವನು ಮತ್ತೆ ಮತ್ತೆ ಫೋನು ಮಾಡಿದ. ಆಮೇಲೆ ಮಾಡುವುದನ್ನು ಬಿಟ್ಟ. ಅದು ಇನ್ನೂ ಕೆಟ್ಟದಾಗಿತ್ತು. ಹೋಗೇಬಿಟ್ಟನೇ? ಅಪ್ಪನನ್ನು ಕಟ್ಟಿಕೊಂಡು ರಸ್ತೆಯಲ್ಲಿ ಎಲ್ಲಿ ಮಲಗಲಿ? ಚಪಾತಿ ಕೊಟ್ಟರೆ ಅಪ್ಪ ಚೂರು ಮುರಿದು ಬಾಯಿಗಿಟ್ಟುಕೊಂಡು ನುಂಗುವುದನ್ನೇ ಮರೆಯುತ್ತಿದ್ದ.

ಅರ್ಧ ತಾಸು ಮುಗಿದರೂ ಸಮವೇ. ಇನ್ನು ಪೆನಾಲ್ಟಿ ಎಂದರು, ಒಬ್ಬೊಬ್ಬನೇ ಬಂದು ಗೋಲಿಗೆ ಒದೆಯುವುದು. ಯಾವ ಕಡೆಯ ಗೋಲಿಗೆ ಒದೆಯಬೇಕೆಂದು ರೆಫರಿ ನಾಣ್ಯ ಚಿಮ್ಮುತ್ತಾನಂತೆ. ಆಗ ಮೊದಲ ಸಲ ನಾನು ಗಡಿಯಾರ ಬಿಟ್ಟು ಮೈದಾನ ನೋಡಿದೆ. ಈ ಕಡೆಯೇ ಬರಲಿ ಎಂದು ಸವದತ್ತಿ ಎಲ್ಲಮ್ಮನಿಂದ ಹಿಡಿದು ಚರ್ಚಿನ ಮಾತೆಯವರೆಗೆ ಎಲ್ಲರಿಗೂ ಕೈಮುಗಿದೆ. ಆಟಗಾರರು ಆ ಕಡೆ ನಡೆದರು.

ಅಪ್ಪ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

ನಾನು ಅವನ ಕೈ ಹಿಡಿದು ಮಂದಿಯ ಮೊಣಕಾಲಿಗೆ ತಾಗುತ್ತ ಹೊರಟೆ. ನಮ್ಮ ಗ್ಯಾಲರಿ ಮುಗಿಯುವಲ್ಲಿ ಕಬ್ಬಿಣದ ಜಾಳಿಗೆಯ ಬಾಗಿಲು. ಆಚೆ ಬೇರೆ ಟಿಕೆಟ್ಟಿನ ಗ್ಯಾಲರಿ, ಆ ಗೋಲಿಗೆ ಹತ್ತಿರ. ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ. ನಾನು ಕೊಂಕಣಿಯಲ್ಲಿ ತಡವರಿಸಿದೆ. ಅಪ್ಪ ನನ್ನ ಹಿಂದಿನಿಂದ, "ಬ್ಯಾಡ ಬಿಡವಾ, ಹಣೇಬರಕ್ಕ ಹೊಣಿ ಯಾರು," ಎಂದ. ಸೆಕ್ಯುರಿಟಿಯವನು ತಿರುಗಿ ಅಪ್ಪನನ್ನು ನೋಡಿದ.

"ಯಾವೂರ್ರಿ ಹಿರ್ಯಾರ?"

"ಮುದ್ದೇಬಿಹಾಳ ಕಡೀದ್ರಿ."

"ಅವರಿಗೆ ಮಂಗಳವಾರ ಕಣ್ಣಿನ ಆಪರೇಶನ್ ಐತ್ರಿ," ಎಂದೆ ನಾನು. "ಆಮ್ಯಾಲ ಕಾಣತೈತೋ ಇಲ್ಲೋ."

ತನ್ನ ಸಾಹೇಬರು ಇದ್ದಾರೋ ಎಂದು ಅವನು ಆಚೀಚೆ ನೋಡಿದ. "ಆ ಕಡಿ ಬಿಟ್ರ ನನ್ನ ನೌಕರಿ ಹೋಗತೈತ್ರಿ. ಒಂದ್ ಕೆಲಸ ಮಾಡ್ರಿ. ಕದಾ ತಗೀತೇನಿ, ಹೊಸ್ತಿಲ ಮ್ಯಾಲ ನಿಲ್ರಿ. ಯಾರರ ಕೇಳಿದ್ರ ದಾಟಿಲ್ಲ ಅನ್ನಾಕ ಬರತೈತಿ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಪ್ಪ ಹೊಸ್ತಿಲ ಮೇಲೆ ನಿಂತು ಜಾಳಿಗೆ ಹಿಡಿದುಕೊಂಡ. ಅಷ್ಟರಲ್ಲಿ ಕೊನೆಯ ಒದೆತ ಮಾತ್ರ ಉಳಿದಿತ್ತು, ಅಪ್ಪನ ಮೆಚ್ಚಿನ ತಂಡದ ಹುಡುಗನದೇ. ಹಾಕದಿದ್ದರೆ ಸೋತೆವು. ನನಗೊಂದು ಹುಚ್ಚು ಹಿಡಿಯಿತು. ಇದು ಗೋಲಾದರೆ ಅಪ್ಪನ ಕಣ್ಣು ಉಳಿಯುತ್ತದೆ, ಆಗದಿದ್ದರೆ ಇಲ್ಲ. ಯಾರು ಹೇಳಿದರು? ಯಾರೂ ಇಲ್ಲ. ಹುಡುಗ ಓಡಿ ಬಂದ. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿದೆ.

ಇಡೀ ಸ್ಟೇಡಿಯಂ ಒಮ್ಮೆಲೇ ನರಳಿತು.

"ಏನಾತಪ್ಪಾ?"

"ಕಂಬಕ್ಕ ಬಡೀತು," ಎಂದ ಅಪ್ಪ. "ಎಡಗಡೆ ಕಂಬಕ್ಕ. ಚಲೋ ಹೊಡದಿದ್ದ ಹುಡುಗ. ಒಂದ್ ಗೇಣು ತಪ್ಪಿತು."

ಸೋತಿದ್ದು ನನಗೆ ತಟ್ಟಲೇ ಇಲ್ಲ. ಕಂಬವನ್ನೂ ಗೇಣನ್ನೂ ಹೇಳುತ್ತಾನೆಂದರೆ ಕಂಡಿತಲ್ಲ, ಅಷ್ಟು ದೂರದ್ದು ಕಂಡಿತಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಪ್ಪನ ಕೈ ಹಿಡಿದು ಗೇಟಿನ ಕಡೆ ನಡೆದೆ.

ಟೆಂಪೋದವನು ಹೋಗಿರಲಿಲ್ಲ. ಗೇಟಿನಾಚೆ ಗಾಡಿಯಲ್ಲಿ ಕೂತು ಮೊಬೈಲಿನಲ್ಲಿ ಅದೇ ಆಟ ನೋಡುತ್ತಿದ್ದ, ಅದಕ್ಕೇ ಫೋನು ಮಾಡುವುದನ್ನು ಬಿಟ್ಟಿದ್ದ. ನಾವಿಬ್ಬರೂ ಮುಂದೆ ಒತ್ತಿಕೊಂಡು ಕೂತೆವು. ಗಾಡಿ ಹೊರಟಿತು.

"ಕಂಬ ಕೆಡಿಸಿಬಿಡ್ತು ನೋಡೋ," ಎಂದ ಅಪ್ಪ.

"ಯಾವ ಕಂಬ ಕಾಕಾ? ಕೀಪರ್ ಹಿಡದನಲ್ಲ. ಬಲಕ್ಕ ಜಿಗದು ಚೆಂಡ ಎದಿಗೆ ಅವಚಿಕೊಂಡ ಬಿಟ್ಟ. ಮೊಬೈಲ್‌ನ್ಯಾಗ ಎರಡ ಸಲ ತೋರಿಸಿದ್ರು."

ಅಪ್ಪ ಕನ್ನಡಕ ತೆಗೆದು ಮತ್ತೆ ಅಂಗಿಯಲ್ಲಿ ಒರೆಸತೊಡಗಿದ. ನನಗೆ ತಿಳಿಯಿತು, ಹೊಸ್ತಿಲ ಮೇಲೆ ನಿಂತರೂ ಅವನಿಗೆ ಏನೂ ಕಂಡಿರಲಿಲ್ಲ.

"ಕಂಬಕ್ಕೇ ಬಡದಿದ್ದಣ್ಣಾ," ಎಂದೆ. "ನಾ ಅಲ್ಲೇ ಇದ್ದೆ. ಕಣ್ಣಾರೆ ನೋಡೇನಿ."

ಟೆಂಪೋದವನು ನನ್ನ ಮುಖ ನೋಡಿ, ಮತ್ತೆ ರಸ್ತೆ ನೋಡಿದ. "ಇದ್ದೀತು ಬಿಡು," ಎಂದ. ಆಮೇಲೆ ಅಪ್ಪ ನನ್ನ ಕಿವಿಯ ಹತ್ತಿರ ಬಾಗಿ, ನನಗಷ್ಟೇ ಕೇಳುವಂತೆ ಹೇಳಿದ:

"ನೀ ಕಣ್ಣ ಮುಚ್ಚಕೊಂಡಿದ್ದಿ ಯವ್ವಾ. ಬಾಜೂಕ ನಿಂತವರು ನನಗ ಇನ್ನೂ ಕಾಣತಾರ."