ಮಾದೇವಕ್ಕನ ಹನ್ನೊಂದು ಮನೆಗಳು

ಮಾದೇವಕ್ಕನಿಗೆ ಸಿಟ್ಟು ಬಂದರೆ ಮೊದಲು ಕೈಯಲ್ಲಿದ್ದ ಮೌಸನ್ನು ಮೇಜಿನ ಮೇಲೆ ಅಂಗಾತ ಮಲಗಿಸುತ್ತಿದ್ದರು. ಬೈಗುಳ ಆಮೇಲೆ. ಮೌಸಿನ ಹೊಟ್ಟೆಯ ಕೆಂಪು ದೀಪ ಕಂಡಿತೆಂದರೆ ನಮ್ಮ ಗೇಮಿನಲ್ಲಿ ಯಾವುದೋ ಸುಳ್ಳು ಅವರ ಕೈಗೆ ಸಿಕ್ಕಿಬಿದ್ದಿದೆ ಎಂದೇ ಅರ್ಥ.

ನಂಜನಗೂಡಿನ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಾವು ಆರು ಜನ ಗೇಮ್ ಮಾಡುತ್ತಿದ್ದೆವು. ಡ್ರ್ಯಾಗನ್, ಮಂತ್ರವಾದಿ, ಹಾಳುಕೋಟೆಗಳಿರುವ ಕಾಲ್ಪನಿಕ ರಾಜ್ಯ. ಆಡುವವನು ಕತ್ತಿ ಹಿಡಿದ ವೀರನಾಗಿ ಎತ್ತ ಬೇಕಾದರೂ ಅಲೆಯಬಹುದು, ಯಾರ ಮನೆಗಾದರೂ ಹೋಗಬಹುದು. ಅದರ ಹಳ್ಳಿಗರ ಮಾತು ಪುಸ್ತಕದ ಮಾತಿನಂತಿದೆ ಎಂದು ತಿದ್ದಲು ಕರೆಸಿದ್ದು ಮಾದೇವಕ್ಕನನ್ನು. ಹದಿನಾರು ಎಂಬ ಊರಿನವರು. ವರ್ಷಗಟ್ಟಲೆ ಅಂಗನವಾಡಿಯಲ್ಲಿ ದುಡಿದು, ಸರ್ವೆ ಬಂದಾಗಲೆಲ್ಲ ಮನೆಮನೆ ಸುತ್ತಿದವರು. ಗೇಮ್ ಎಂಬುದನ್ನು ಕಣ್ಣಿಂದ ಕಂಡವರಲ್ಲ.

ಮೊದಲ ದಿನ ವೀರನನ್ನು ಒಂದು ಮನೆಯೊಳಕ್ಕೆ ನಡೆಸಿದರು. ಯಾವುದೋ ಬಟನ್ ಒತ್ತಿದರು, ಕತ್ತಿ ಬೀಸಿತು, ಒಲೆ ಪಕ್ಕದ ಮಡಕೆ ಒಡೆಯಿತು. ಮನೆಯಾಕೆ ನಗುನಗುತ್ತ, "ಸ್ವಾಗತ, ವೀರರೇ" ಎಂದಳು. ಮೌಸ್ ಅಂಗಾತವಾಯಿತು.

"ಏನ್ ಲೋಕೇಶ ಇದು? ಯಾವನೋ ನಮ್ಮನೆಗೆ ನುಗ್ಗಿ ಮಡ್ಕೆ ಒಡುದ್ರೆ ನಾನು ಅಲ್ಲು ಕಿರ್ಕೊಂಡು ನಿಂತ್ಕತೀನಾ?"

"ಗೇಮಲ್ವಾ ಅಕ್ಕ..." ಎಂದೆ.

"ಗೇಮಾದ್ರೇನು, ಅವ್ಳು ಎಂಗ್ಸಲ್ವಾ? ಈ ಊರ್ನಲ್ಲಿ ಯಾರ್ಗೂ ಕ್ಯಾಮೆ ಇಲ್ಲ, ಯಾರೂ ಯಾರ್ಗೂ ನೆಂಟ್ರಲ್ಲ. ಎಲ್ರೂ ಇವನೊಬ್ಬ ಬರ್ಲಿ ಅಂತ ಕಾಯ್ಕಂಡು ನಿಂತವ್ರೆ. ಇದು ಊರಾ, ಬಸ್‌ಸ್ಟ್ಯಾಂಡಾ?"

ಮರುದಿನ ಉದ್ದನೆಯ ನೋಟ್‌ಬುಕ್ ತಂದರು. ಮನೆಗೊಂದು ಪುಟ. ಎಷ್ಟು ಜನ, ಏನು ಕೆಲಸ, ಯಾರ ಮೇಲೆ ಯಾರಿಗೆ ಮುನಿಸು, ಯಾವ ಹೊತ್ತಿಗೆ ಒಲೆ ಹೊತ್ತುತ್ತದೆ. ಪ್ರೋಗ್ರಾಮ್ ಬರೆಯುವವನು ನಾನು. ಆ ಪುಟಗಳನ್ನು ಗೇಮಿಗೆ ಇಳಿಸಲು ತಿಂಗಳುಗಳೇ ಹಿಡಿದವು. ಈಗ ಮಡಕೆ ಒಡೆದರೆ ಆಕೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಂಜೆಯೊಳಗೆ ಹಿಂದಿನ ಬೀದಿಯ ಅವಳ ತಂಗಿಯೂ ಹಾಕಿಕೊಳ್ಳುತ್ತಿದ್ದಳು. ಪರೀಕ್ಷೆಗೆಂದು ಆಡಲು ಬಂದವರು ಡ್ರ್ಯಾಗನ್ ಮರೆತು ಆ ಒಂದೇ ಹಳ್ಳಿಯಲ್ಲಿ ಸುತ್ತುತ್ತಿದ್ದರು. ಬಾಸ್ ಎಲ್ಲರ ಮುಂದೆ ಅದನ್ನು ತನ್ನ ಐಡಿಯಾ ಎಂದು ಹೇಳಿಕೊಂಡ. ಮಾದೇವಕ್ಕ ಅದಕ್ಕೆ ಸಿಟ್ಟಾಗಲಿಲ್ಲ. ನಾನಾದೆ, ಆದರೆ ಒಳಗೊಳಗೇ.

ಹಳ್ಳಿಯಿಂದ ಒಂದಷ್ಟು ದೂರ, ಒಂದು ಬಾವಿಯ ಸುತ್ತ ಹನ್ನೊಂದು ಮನೆಗಳಿದ್ದವು. ಯಾರ ಹೆಸರೂ ಇಲ್ಲದ ಖಾಲಿ ಮನೆಗಳು. ನಮ್ಮ ಆರ್ಟಿಸ್ಟ್ ಯಾವುದೋ ಫೋಟೊ ನೋಡಿ ಇಟ್ಟಿದ್ದ. ಯಾಕೆ ಆಚೆ ಇಟ್ಟೆ ಎಂದು ಮಾದೇವಕ್ಕ ಕೇಳಿದರೆ, "ನೋಡೋಕೆ ಚೆನ್ನಾಗಿರುತ್ತೆ ಅಕ್ಕ" ಎಂದ. ಅವರು ನನ್ನ ಕಡೆ ತಿರುಗಿದರು.

"ಲೋಕೇಶ, ನಿಮ್ಮ ಛತ್ರದಲ್ಲೂ ಇಂಗೇ ಆಚಿಗೊಂದು ಸಾಲು ಅದಲ್ವಾ?"

ನನ್ನ ಊರು ಚಿಕ್ಕಯ್ಯನಛತ್ರ. ಅಂಥ ಸಾಲು ಅಲ್ಲೂ ಇದೆ. ನಾನು ಆ ಸಾಲಿನವನಲ್ಲ. ಮಾದೇವಕ್ಕ ತಮ್ಮೂರಿನ ಅಂಥ ಸಾಲಿನವರು. ಇಬ್ಬರಿಗೂ ಗೊತ್ತಿದ್ದ ಈ ಸಂಗತಿ ಬಾಯಿಗೆ ಬಂದದ್ದು ಅದೇ ಮೊದಲು.

"ಇದೆ ಅಕ್ಕ."

"ಅಂಗಾದ್ರೆ ಇವ್ರ್ಗೂ ಎಸ್ರು ಮಡಗನ."

ಹನ್ನೊಂದು ಪುಟ ಬರೆದರು. ಉಪದೇಶದ ಒಂದು ಸಾಲೂ ಇರಲಿಲ್ಲ. ವೀರ ಅಲ್ಲಿಗೆ ಬಂದರೆ ಬತ್ತಿದ ಬಾವಿಯ ಬಳಿ ಒಬ್ಬ ಅಜ್ಜಿ, "ಊರೊಳ್ಗಡೆ ಬಾವಿಯಿಂದ ನಂಗೊಂದು ಕೊಡ ನೀರು ತಂದ್ಕೊಡ್ತೀಯಾ ಮಗಾ?" ಎಂದು ತನ್ನ ಕೊಡ ಕೊಡುತ್ತಾಳೆ. ಅಷ್ಟೇ. ಆ ಕೊಡ ಹಿಡಿದು ಊರೊಳಗೆ ಕಾಲಿಟ್ಟರೆ ನಿನ್ನೆವರೆಗೆ ಕರೆದು ಕೂರಿಸಿದವರೇ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಬಾಸ್ ಅದನ್ನು ಆಡಿದ. ಮುಖ ಗಂಟಿಕ್ಕಿತು. "ಇದು ಫ್ಯಾಂಟಸಿ ಕಣ್ರೀ. ಜನ ರಿಲ್ಯಾಕ್ಸ್ ಆಗೋಕೆ ಆಡ್ತಾರೆ. ಇದನ್ನೆಲ್ಲ ಯಾರು ನಂಬ್ತಾರೆ?"

"ಅಲ್ಲಾ ಸಾ, ಬೆಂಕಿ ಉಗ್ಳೋ ಹಾವ್ನ ನಂಬ್ತಾರೆ, ಇದ್ನ ನಂಬಕಿಲ್ವಾ?"

ಸಂಜೆ ಮಾದೇವಕ್ಕ ಊರಿಗೆ ಹೊರಟ ಮೇಲೆ ಬಾಸ್ ನನ್ನನ್ನು ಕರೆದು, "ಆ ಮನೆಗಳನ್ನ ತೆಗೆದುಬಿಡು" ಎಂದ. ತೆಗೆದೆ. ಆಗಲ್ಲ ಎನ್ನಬಹುದಿತ್ತು, ಅಕ್ಕನನ್ನು ಒಂದು ಮಾತು ಕೇಳೋಣ ಎನ್ನಬಹುದಿತ್ತು. ಸಾಲು ಮನೆಗಳನ್ನು ಒಟ್ಟಿಗೆ ಸೆಲೆಕ್ಟ್ ಮಾಡಿ, ಒಂದು ಕೀ ಒತ್ತಿದೆ.

ಬೆಳಿಗ್ಗೆ ಬಂದ ಮಾದೇವಕ್ಕ ಗೇಮ್ ತೆರೆದು ನೇರ ಅಲ್ಲಿಗೇ ನಡೆದರು. ಬಾವಿ ಇತ್ತು. ಸುತ್ತ ಹುಲ್ಲು.

"ಯಾರು ಅಳ್ಸಿದ್ದು?"

"ನಾನೇ ಅಕ್ಕ. ಬಾಸ್ ಹೇಳಿದ್ರು."

"ಅವ್ರು ಯೋಳುದ್ರು, ಸರಿ. ಆ ಅಜ್ಜಿ ಎಸ್ರು ಏನಿತ್ತು, ಯೋಳು?"

ಹೆಸರನ್ನು ಟೈಪ್ ಮಾಡಿದವನು ನಾನೇ. ನೆನಪಾಗಲಿಲ್ಲ.

"ನಮ್ಮವ್ವನ ಎಸ್ರು ಮಡಗಿದ್ದೆ ಕಣಪ್ಪ" ಎಂದರು. ನೋಟ್‌ಬುಕ್ ತೆಗೆದುಕೊಂಡು ಮೆಟ್ಟಿಲಿಳಿದು ಹೋದವರು ಮತ್ತೆ ಹತ್ತಲಿಲ್ಲ.

ಗೇಮ್ ಮಾರುಕಟ್ಟೆಗೆ ಬಂತು. ಮಾಡಿದವರ ಪಟ್ಟಿಯಲ್ಲಿ ಮಾದೇವಕ್ಕನ ಹೆಸರಿರಲಿಲ್ಲ. ಹಳ್ಳಿಯಿಂದ ಆ ಬಾವಿಗೆ ಹೋಗುವ ಸವೆದ ಕಾಲುದಾರಿಯೊಂದನ್ನು ಅಳಿಸಲು ನಾನು ಮರೆತಿದ್ದೆ. ಆಡುವವರು ಬರೆದು ಕೇಳತೊಡಗಿದರು: ಇಷ್ಟು ಕಾಲು ಸವೆಸಿದ ದಾರಿ, ತುದಿಯಲ್ಲಿ ಯಾರೂ ಇಲ್ಲ, ಅಲ್ಲಿದ್ದವರು ಏನಾದರು?

ಮಾದೇವಕ್ಕನನ್ನು ಕೊನೆಯ ಸಲ ಕಂಡದ್ದು ಟಿ. ನರಸೀಪುರದ ಒಂದು ಟೀ ಅಂಗಡಿಯಲ್ಲಿ. ಯಾರದೋ ಪಿಂಚಣಿ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಬಂದಿದ್ದರು. ಖುಷಿಪಡುತ್ತಾರೆಂದು ಆ ಪ್ರಶ್ನೆಗಳ ವಿಷಯ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ನೀನೇನ್ ಉತ್ರ ಕೊಟ್ಟೆ?"

"ಆ ದಾರಿ ಬಗ್, ಪ್ರೋಗ್ರಾಮಿನ ತಪ್ಪು ಅಂತ ಬರೆದೆ ಅಕ್ಕ. ಮುಂದಿನ ಅಪ್ಡೇಟಲ್ಲಿ ಸರಿ ಮಾಡ್ತೀವಿ ಅಂತ."

"ಅದ್ನೂ ಅಳ್ಸಾಕ್ಬುಡು ಓಗು" ಎಂದು ಎದ್ದು, ಅರ್ಧ ಟೀ ಅಲ್ಲೇ ಬಿಟ್ಟು ಬಿಸಿಲಿಗಿಳಿದರು. ಆಮೇಲೆ ನನ್ನ ಫೋನ್ ಎತ್ತಿಲ್ಲ.

ಅಪ್ಡೇಟುಗಳು ಬಂದುಹೋದವು. ಆ ದಾರಿಯನ್ನು ನಾನು ಅಳಿಸಿಲ್ಲ. ಅಷ್ಟನ್ನೇ ಧೈರ್ಯ ಎಂದು ಕರೆದುಕೊಳ್ಳುವಷ್ಟು ನಾಚಿಕೆ ಬಿಟ್ಟವನೂ ಅಲ್ಲ.